ಬೀರುವಿನಲ್ಲಿದ್ದ ಪತ್ರ

ನಮ್ಮ ಮನೆಯ ಬೀರುವಿನಲ್ಲಿ ಒಂದು ಪತ್ರ 14 ವರ್ಷ ಬಿದ್ದಿತ್ತು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಮಕ್ಕಳ ಜನನ ಪತ್ರ, ಗ್ಯಾಸ್ ಪುಸ್ತಕ, ಎಲ್ಲದರ ಕೆಳಗೆ. ಗೆರೆ ಹೊಡೆದ ಹಾಳೆ. ನೀಲಿ ಶಾಯಿ. ಮೂಲೆಯಲ್ಲಿ ಸಭೆಯ, ಅಂದರೆ ನಮ್ಮೂರ ಚರ್ಚಿನ ಮೊಹರು, ಅದೂ ಅರ್ಧ ಮೂಡಿದ್ದು. ಮಡಿಚಿದ ಜಾಗದಲ್ಲಿ ಕಾಗದ ಸವೆದು ಆಚೆ ಬದಿ ಕಾಣುವಂತಾಗಿತ್ತು.

ಅದರಲ್ಲಿ ಇದ್ದದ್ದು ಮೂರೇ ಸಾಲು. ಈ ಪತ್ರ ತರುವ ನಮ್ಮ ಸಹೋದರಿ ನಮ್ಮ ಸಭೆಯ ಪೂರ್ಣ ಸದಸ್ಯಳು. ಅವಳನ್ನು ನಿಮ್ಮ ಕೈಗೆ ಒಪ್ಪಿಸುತ್ತಿದ್ದೇವೆ. ಪ್ರೀತಿಯಿಂದ ಸೇರಿಸಿಕೊಳ್ಳಿರಿ.

2009ರಲ್ಲಿ ಮದುವೆಯಾಗಿ ಬಳ್ಳಾರಿಗೆ ಬರುವಾಗ ನಮ್ಮೂರಿನ ಪಾಸ್ಟರ್ ಅಯ್ಯನವರು ಇದನ್ನು ಬರೆದುಕೊಟ್ಟರು. ಊರು ಬಿಟ್ಟು ಇನ್ನೊಂದು ಊರಿನ ಸಭೆಗೆ ಸೇರುವವರಿಗೆ ಹೀಗೆ ಪತ್ರ ಕೊಡುವುದು ಹಳೇ ಪದ್ಧತಿ. ಬಸ್‌ಸ್ಟ್ಯಾಂಡಿಗೆ ಹೊರಡುವ ಮುಂಚೆ ಪಾಸ್ಟರಮ್ಮ ಅದನ್ನು ನನ್ನ ಕೈಯಲ್ಲಿಟ್ಟು, "ಹೋದ ಮೊದಲನೇ ಭಾನುವಾರನ ಕೊಟ್ಟುಬಿಡವ್ವ, ತಡ ಮಾಡಬ್ಯಾಡ" ಅಂದಿದ್ದರು. ನಾನು ಹ್ಞೂಂ ಅಂದಿದ್ದೆ.

ಯಾಕೆ ಕೊಡಲಿಲ್ಲ ಅನ್ನುವುದನ್ನು ಇವತ್ತು ಬರೆಯಬೇಕು ಅನ್ನಿಸಿದೆ.

ನಮ್ಮೂರು ಮಾನ್ವಿ ಕಡೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಮೇಲಿನವರ ಗದ್ದೆ ತುಂಬಿ ಉಳಿದರೆ ನಮಗೆ ನೀರು, ಇಲ್ಲವಾದರೆ ಜೋಳ, ಹತ್ತಿ. ಅಲ್ಲಿನ ಸಭೆ ಪ್ರಾಟೆಸ್ಟೆಂಟರಲ್ಲಿ ಮೆಥೋಡಿಸ್ಟ್ ಅನ್ನುವ ಪಂಗಡದ್ದು. ಬೆಂಚು ಇರಲಿಲ್ಲ, ಜಮಖಾನೆ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಮಕ್ಕಳು ಎಲ್ಲ ಕಡೆ. ಯಾರು ಬಂದಿಲ್ಲ ಅನ್ನುವುದು ಹೊರಗಿನ ಚಪ್ಪಲಿ ನೋಡಿದರೇ ಗೊತ್ತಾಗುತ್ತಿತ್ತು. ಬಾರದವರ ಮನೆಗೆ ಆರಾಧನೆ ಮುಗಿದ ತಕ್ಷಣ ಯಾರಾದರೂ ಹೋಗಿ ಬಾಗಿಲಲ್ಲಿ ನಿಂತು ಕೇಳೋರು, "ಯಾಕ, ಆರಾಮಿಲ್ಲೇನು?" ಸುಮ್ನೆ ಮಲಗಿದವರಿಗೆ ನಾಚಿಕೆ ಆಗುತ್ತಿತ್ತು. ಜ್ವರ ಬಂದವರಿಗೆ ಗಂಜಿ ಬರುತ್ತಿತ್ತು.

ಅವ್ವ ಅಡಿಗೆಗೆ ಅಕ್ಕಿ ಹಾಕುವಾಗ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಿದ್ದಳು. ಅದು ಸಭೆಯ ಅಕ್ಕಿ. ಮನೆಯಲ್ಲಿ ಅಕ್ಕಿ ಕಡಿಮೆ ಇದ್ದ ದಿನವೂ ಹಾಕುತ್ತಿದ್ದಳು, ಹಿಡಿ ಸ್ವಲ್ಪ ಸಣ್ಣದಾಗುತ್ತಿತ್ತು ಅಷ್ಟೆ. ಸುಗ್ಗಿ ಹಬ್ಬ ಬಂದರೆ ಮನೆಗೊಬ್ಬರ ಲೆಕ್ಕ ಅಲ್ಲ, ಸದಸ್ಯರಿಗೊಂದು ಸೇರು ಜೋಳ. ಕುಂಬಳಕಾಯಿ, ಮೊಟ್ಟೆ, ಕಾಲು ಕಟ್ಟಿದ ಕೋಳಿ, ಎಲ್ಲ ಮುಂದೆ ಇಟ್ಟು ಪ್ರಾರ್ಥನೆ ಮಾಡಿ ಹರಾಜು ಕೂಗುತ್ತಿದ್ದರು. ಹದಿನೈದು ರೂಪಾಯಿಯ ಕುಂಬಳಕಾಯಿ ನೂರು ರೂಪಾಯಿಗೆ ಹೋಗುತ್ತಿತ್ತು. ಕೊಂಡವರು ಅದನ್ನೇ ಮತ್ತೆ ಹರಾಜಿಗೆ ಇಡುತ್ತಿದ್ದರು. ಸಭೆ ಅಂದರೆ ನನಗೆ ಈ ಗದ್ದಲ, ಈ ಚಪ್ಪಲಿ, ಈ ಡಬ್ಬಿ.

ಬಳ್ಳಾರಿಗೆ ಬಂದೆ. ಇಲ್ಲಿನದು ಕಲ್ಲಿನ ಕಟ್ಟಡ, ಎತ್ತರದ ಕಿಟಕಿ, ಉದ್ದನೆಯ ಬೆಂಚು. ಒಂದು ಹೊತ್ತಿಗೆ ಕನ್ನಡ ಆರಾಧನೆ, ಇನ್ನೊಂದು ಹೊತ್ತಿಗೆ ತೆಲುಗು. ಹೊರಗೆ ಕಾರು. ನನ್ನ ಗಂಡನ ಮನೆಯವರು ಚರ್ಚಿಗೆ ಹೋಗುವುದು ಕ್ರಿಸ್‌ಮಸ್ಸಿಗೆ, ಈಸ್ಟರಿಗೆ. ಹಾಗಾಗಿ ನಾನು ಒಬ್ಬಳೇ. ಮೊದಲನೇ ಭಾನುವಾರ ಪತ್ರ ಬ್ಯಾಗಿನಲ್ಲೇ ಇತ್ತು. ಯಾರ ಕೈಗೆ ಕೊಡಬೇಕು ಅಂತ ಗೊತ್ತಾಗಲಿಲ್ಲ. ಎರಡನೇ ಭಾನುವಾರ ಆರಾಧನೆ ಮುಗಿದ ಮೇಲೆ ಕಮಿಟಿ ಚುನಾವಣೆಯ ವಿಷಯಕ್ಕೆ ಇಬ್ಬರು ಹಿರಿಯರು ಬಾಗಿಲಲ್ಲೇ ನಿಂತು ಏರುದನಿಯಲ್ಲಿ ಜಗಳ ಆಡಿದರು. ಒಬ್ಬರು ಇನ್ನೊಬ್ಬರನ್ನು ನೋಡಿ, "ನೀವು ಎಲ್ಲಿಂದ ಬಂದೋರು ಅಂತ ನಮಗೆ ಗೊತ್ತಿದೆ" ಅಂದರು. ಆ ಮಾತು ನನಗೆ ಹೇಳಿದ್ದಲ್ಲ. ಆದರೂ ಬ್ಯಾಗಿನ ಜಿಪ್ ಎಳೆದುಕೊಂಡೆ. ಮನೆಗೆ ಬಂದು ಪತ್ರವನ್ನು ಬೀರುವಿನಲ್ಲಿಟ್ಟೆ.

ಆಮೇಲೆ ಕೊನೇ ಬೆಂಚು ನನ್ನದಾಯಿತು. ಆಶೀರ್ವಾದದ ಮಾತು ಮುಗಿಯುವ ಹೊತ್ತಿಗೆ ನಾನು ಗೇಟಿನ ಹತ್ತಿರ ಇರುತ್ತಿದ್ದೆ. ನಂಬಿಕೆ ಕಡಿಮೆಯಾಗಿತ್ತು ಅಂತ ಅಲ್ಲ. ದಿನಾ ಸತ್ಯವೇದ, ಅಂದರೆ ಬೈಬಲ್ ಓದುತ್ತಿದ್ದೆ, ಮಕ್ಕಳಿಗೆ ಪ್ರಾರ್ಥನೆ ಕಲಿಸಿದೆ. ದೇವರು ಮತ್ತು ನಾನು ಚೆನ್ನಾಗಿದ್ದೇವೆ, ಜನರ ಗೋಜು ಯಾಕೆ ಅಂತ ಇತ್ತು. 2020ರ ಲಾಕ್‌ಡೌನ್‌ನಲ್ಲಿ ಎಲ್ಲರ ಆರಾಧನೆಯೂ ಫೋನಿಗೆ ಬಂತು. ಅದು ನನಗೆ ಕಷ್ಟ ಅನ್ನಿಸಲೇ ಇಲ್ಲ. ಬೆಂಗಳೂರಿನ ಹಾಡು, ಮಂಗಳೂರಿನ ಪಾಸ್ಟರ್ ಒಬ್ಬರ ಪ್ರಸಂಗ, ಬೇಕಾದ ಕಡೆ ನಿಲ್ಲಿಸು, ಬೇಡವಾದ ಕಡೆ ದಾಟಿಸು. ಎಷ್ಟು ಸುಲಭ ಅಲ್ವಾ? ಸುಲಭ ಅನ್ನಿಸಿದ್ದೇ ನನಗೆ ಎಚ್ಚರಿಕೆ ಆಗಬೇಕಿತ್ತು. ಆಗಲಿಲ್ಲ.

ಬಳ್ಳಾರಿಯಲ್ಲಿ ಕೂತು ಹೀಗೆ ಯೋಚಿಸುವುದು ಒಂದು ರೀತಿಯಲ್ಲಿ ಋಣ ಮರೆತ ಹಾಗೆ. ಕನ್ನಡದ ಸತ್ಯವೇದಕ್ಕೂ ಈ ಊರಿಗೂ ಇರುವ ನಂಟು ಬಹಳ ಜನಕ್ಕೆ ಗೊತ್ತಿಲ್ಲ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಇಲ್ಲಿಗೆ ಬಂದದ್ದು 1810ರಲ್ಲಿ. ಕನ್ನಡ ಕಲಿತು, ಇಲ್ಲಿನವರ ಜೊತೆ ಕೂತು, ಮಾತು ಮಾತು ತಿದ್ದಿ ಅನುವಾದ ಮಾಡಿದರು. ವಿಲಿಯಂ ರೀವ್ ಎನ್ನುವವರು ಜೊತೆಗಿದ್ದರು. ಅವರೇ ಮುಂದೆ ಇಂಗ್ಲಿಷ್–ಕನ್ನಡ ನಿಘಂಟು ಮಾಡಿದವರು. 1831ರ ಹೊತ್ತಿಗೆ ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾಗಿ ಬಂತು. ಇಪ್ಪತ್ತು ವರ್ಷದ ಕೆಲಸ, ಈ ಬಿಸಿಲಿನಲ್ಲಿ. ನಮ್ಮವ್ವ ಬೆರಳಿಟ್ಟು ಓದುವ ಪುಸ್ತಕದ ಬೇರು ಈ ಊರಿನಲ್ಲಿದೆ.

ಆ ಹಳೇ ಕನ್ನಡ ಸತ್ಯವೇದ ತೆಗೆದು ನೋಡಿ. ಚರ್ಚ್ ಅನ್ನುವ ಪದ ಸಿಗುವುದಿಲ್ಲ. 'ಸಭೆ' ಅಂತಲೇ ಇದೆ. ಕ್ಯಾಥೋಲಿಕರು 'ಧರ್ಮಸಭೆ' ಅನ್ನುತ್ತಾರೆ. ಕ್ರೈಸ್ತರಾಗುವ ಸಂಸ್ಕಾರ ಅವರಿಗೆ ಜ್ಞಾನಸ್ನಾನ, ನಮಗೆ ದೀಕ್ಷಾಸ್ನಾನ, ಪದ ಬೇರೆ ಬೇರೆ. ಆದರೆ ಸಭೆ ಅನ್ನುವುದರಲ್ಲಿ ಇಬ್ಬರೂ ಒಂದೇ. ಮೂಲ ಗ್ರೀಕಿನಲ್ಲಿ ಅದು ಎಕ್ಲೇಸಿಯ. ಊರಿನ ಜನರನ್ನು ಕರೆದು ಸೇರಿಸಿದ ಕೂಟ ಅಂತ ಅರ್ಥ. ಕನ್ನಡದ ಕಿವಿಗೂ ಸಭೆ ಅಂದರೆ ಜನ ಕೂತಿರುವುದೇ ಕಾಣುತ್ತದೆ. ಗೋಡೆ ಕಾಣುವುದಿಲ್ಲ. ಒಬ್ಬರೇ ಕೂತರೆ ಅದನ್ನು ಸಭೆ ಅನ್ನುತ್ತೀವಾ? ಈ ಬಂಡೆಯ ಮೇಲೆ ನನ್ನ ಸಭೆಯನ್ನು ಕಟ್ಟುತ್ತೇನೆ ಅಂತ ಯೇಸು ಪೇತ್ರನಿಗೆ ಹೇಳಿದ ಮಾತನ್ನು ಬಳ್ಳಾರಿ ಗುಡ್ಡದ ಕೆಳಗೆ ಓದುವಾಗ ನನಗೆ ಬೇರೆಯೇ ರೀತಿ ಕೇಳಿಸುತ್ತದೆ. ಬಂಡೆ ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಜಗಳ ನೋಡಿ ದೂರ ಸರಿದೆ ಅಂದೆನಲ್ಲ. ಸತ್ಯವೇದದಲ್ಲಿ ಯೇಸುವಿನ ಶಿಷ್ಯರ ಕಥೆ ಹೇಳುವ ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯವನ್ನು ಎಷ್ಟೋ ಸಲ ಓದಿದ್ದರೂ ಸರಿಯಾಗಿ ಓದಿರಲಿಲ್ಲ ಅಂತ ಈಗ ಅನ್ನಿಸುತ್ತದೆ. ಸಭೆ ಹುಟ್ಟಿ ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ಯೆರೂಸಲೇಮಿನಲ್ಲಿ ದಿನಾ ವಿಧವೆಯರಿಗೆ ಊಟ ಹಂಚುತ್ತಿದ್ದರು. ಗ್ರೀಕ್ ಮಾತಾಡುವವರು ಗೊಣಗಿದರು: ನಮ್ಮ ಕಡೆಯ ವಿಧವೆಯರಿಗೆ ಸರಿಯಾಗಿ ಸಿಗುತ್ತಿಲ್ಲ, ಊರಿನ ಭಾಷೆಯವರಿಗೆ ಸಿಗುತ್ತಿದೆ. ಭಾಷೆಯ ಜಗಳ, ಅನ್ನದ ಜಗಳ. ಕನ್ನಡ, ತೆಲುಗು ಎರಡೂ ಒಂದೇ ಬೀದಿಯಲ್ಲಿ ಓಡಾಡುವ ಬಳ್ಳಾರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಅಪೊಸ್ತಲರು ಏಳು ಜನರನ್ನು ಆರಿಸಿ ಹಂಚುವ ಕೆಲಸ ವಹಿಸಿ ಅಂದರು. ಸಭೆ ಆರಿಸಿದ ಆ ಏಳು ಹೆಸರು ನೋಡಿ. ಸ್ತೆಫನ, ಫಿಲಿಪ್ಪ, ಎಲ್ಲವೂ ಗ್ರೀಕ್ ಹೆಸರುಗಳು. ಯಾರ ಕಡೆಯವರು ದೂರು ಕೊಟ್ಟರೋ ಅವರ ಕಡೆಯವರ ಕೈಗೇ ಸೌಟು ಕೊಟ್ಟರು! ಇಷ್ಟು ದೊಡ್ಡ ಮನಸ್ಸು ನಮ್ಮ ಎಷ್ಟು ಕಮಿಟಿಗಳಿಗೆ ಇದೆ? ಇನ್ನೊಂದು ಮಾತು. ಗೊಣಗಿದವರು ಎದ್ದು ಹೋಗಲಿಲ್ಲ. ಅಲ್ಲೇ ಕೂತು ಗೊಣಗಿದರು. ನಾನು ಗೊಣಗದೆ ಎದ್ದು ಹೋಗಿದ್ದೆ.

ನಾವು ಯಾರ ಕಡೆಯವರು ಅನ್ನುವ ಪ್ರಶ್ನೆ ನಮ್ಮಂಥವರಿಗೆ ಸಭೆಯ ಬಾಗಿಲಲ್ಲಿ ಮಾತ್ರ ಎದುರಾಗುವುದಿಲ್ಲ. ನಮ್ಮೂರಿನ ಸಭೆಯವರೆಲ್ಲ ಕೇರಿಯವರು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಅನ್ನುವುದು ಹಿಂದೂಗಳಿಗೆ ಮಾತ್ರ. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು. ಕ್ರೈಸ್ತರನ್ನು ಸೇರಿಸಲಿಲ್ಲ. ಹಾಗಾಗಿ ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ಹೆಸರು ಬಂದರೆ ಇನ್ನೊಂದು ಪಟ್ಟಿಯಿಂದ ಹೆಸರು ಹೋಗುತ್ತದೆ. ಊರಿನ ಬಾವಿ ಮಾತ್ರ ಯಾವ ರಿಜಿಸ್ಟರನ್ನೂ ನೋಡುವುದಿಲ್ಲ. ಅಲ್ಲಿ ನಾವು ಮೊದಲು ಏನಾಗಿದ್ದೆವೋ ಅದೇ. ಎಷ್ಟೋ ಮನೆಗಳಲ್ಲಿ ಶಾಲೆಗೆ ಒಂದು ಹೆಸರು, ಸಭೆಗೆ ಒಂದು ಹೆಸರು. ಮಗನ ಕೆಲಸಕ್ಕಾಗಿ ರಿಜಿಸ್ಟರಿನಲ್ಲಿ ಹೆಸರು ಬರೆಸದೆ, ಆದರೆ ಒಂದು ಭಾನುವಾರವೂ ತಪ್ಪಿಸದೆ ಜಮಖಾನೆಯ ತುದಿಯಲ್ಲಿ ಕೂರುವ ಹಿರಿಯರನ್ನು ನಾನು ಬಲ್ಲೆ. ಅವರು ಸಭೆಗೆ ಸೇರಿದವರಲ್ಲ ಅಂತ ಹೇಳುವ ಧೈರ್ಯ ನನಗಿಲ್ಲ. ನನ್ನ ಹತ್ತಿರ ಪತ್ರವೂ ಇತ್ತು, ಮೊಹರೂ ಇತ್ತು. ಅವರ ಹತ್ತಿರ ಏನೂ ಇರಲಿಲ್ಲ. ಅವರು ಬರುತ್ತಿದ್ದರು.

ಅಜ್ಜಿ ಹೇಳಿದ ಒಂದು ಮಾತು ಇಲ್ಲಿ ಬರೆಯಲೇಬೇಕು. ಅವಳ ಕಾಲದಲ್ಲಿ ಹೋಟೆಲಿನಲ್ಲಿ ನಮ್ಮವರಿಗೆ ಚಹಾ ಒಳಗೆ ಇಲ್ಲ. ಹೊರಗೆ ಗೋಡೆಯ ಗೂಡಿನಲ್ಲಿ ಇಟ್ಟ ಬೇರೆ ಲೋಟ, ಕುಡಿದು ನಾವೇ ತೊಳೆದಿಡಬೇಕು. ಒಮ್ಮೆ ಸಭೆಯಲ್ಲಿ ಕರ್ತನ ಭೋಜನ ಇತ್ತು, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿ. ಬೇರೆ ಜಾತಿಯಿಂದ ಕ್ರೈಸ್ತರಾದ ಒಬ್ಬ ಮೇಷ್ಟ್ರು ಅವತ್ತು ಪಟ್ಟಣದಿಂದ ಬಂದಿದ್ದರು. ಈಗಿನಂತೆ ಸಣ್ಣ ಸಣ್ಣ ಕಪ್ಪುಗಳು ಇರಲಿಲ್ಲ, ಒಂದೇ ಬಟ್ಟಲು. ಅಜ್ಜಿ ಮೊಣಕಾಲೂರಿದ್ದಳು, ಪಕ್ಕದಲ್ಲಿ ಮೇಷ್ಟ್ರು. ಬಟ್ಟಲು ಮೊದಲು ಅಜ್ಜಿಗೆ ಬಂತು. ಅವಳು ತುಟಿ ತಾಗದ ಹಾಗೆ ಎತ್ತಿ ಕುಡಿಯಲು ನೋಡಿದಳಂತೆ. ಅಭ್ಯಾಸ. ಪಾಸ್ಟರ್ ಅಯ್ಯ ಬಟ್ಟಲನ್ನು ಮೆಲ್ಲಗೆ ಬಗ್ಗಿಸಿ ತುಟಿಗೆ ತಾಗಿಸಿದರು. ಆಮೇಲೆ ಬಿಳಿ ಬಟ್ಟೆಯಿಂದ ಅಂಚು ಒರೆಸಿ ಮೇಷ್ಟ್ರಿಗೆ ಕೊಟ್ಟರು. ಮೇಷ್ಟ್ರು ಕುಡಿದರು. "ನಾ ಕಣ್ಣು ಮುಚ್ಚಿ ಪ್ರಾರ್ಥನಿ ಮಾಡ್ಬೇಕಿತ್ತು. ಮುಚ್ಚಲಿಲ್ಲ ನೋಡು, ಅವರು ಕುಡಿತಾರೋ ಇಲ್ಲೋ ಅಂತ ನೋಡಿಕೋತ ಕುಂತಿದ್ದೆ" ಅನ್ನುತ್ತಿದ್ದಳು ಅಜ್ಜಿ. ಇದನ್ನು ಹೇಳುವಾಗ ಎಂಬತ್ತರ ವಯಸ್ಸಿನಲ್ಲೂ ಅವಳ ದನಿ ಸಣ್ಣಗಾಗುತ್ತಿತ್ತು.

ಸಭೆಯಲ್ಲಿ ಜಾತಿ ಇಲ್ಲ ಅಂತ ನಾನು ಬರೆದರೆ ಸುಳ್ಳಾಗುತ್ತದೆ. ಇದೆ. ಸಂಬಂಧ ನೋಡುವಾಗ ಇದೆ, ಕಮಿಟಿಯಲ್ಲಿದೆ, ಬಾಗಿಲಲ್ಲಿ ನಾನು ಕೇಳಿದ ಮಾತಿನಲ್ಲಿ ಇತ್ತು. ಮೊದಲ ಸಭೆಗಳನ್ನು ಕಟ್ಟಿದ ಅಪೊಸ್ತಲ ಪೌಲನ ಕಾಲದಲ್ಲೂ ಇದ್ದ ರೋಗ ಇದು. ಕೊರಿಂಥದಲ್ಲಿ ಉಳ್ಳವರು ಮೊದಲೇ ಬಂದು ಉಂಡು ಕುಡಿದು ಮುಗಿಸುತ್ತಿದ್ದರು, ಬಡವರು ಹಸಿದು ನಿಲ್ಲುತ್ತಿದ್ದರು. ಪೌಲ ಸಿಟ್ಟಿನಿಂದ ಬರೆದ: ಊಟಕ್ಕೆ ಕೂಡುವಾಗ ಒಬ್ಬರಿಗೊಬ್ಬರು ಕಾಯಿರಿ. ಯಾಕೋಬನ ಪತ್ರದಲ್ಲಿ ಚಿನ್ನದ ಉಂಗುರದವನಿಗೆ ಒಳ್ಳೇ ಜಾಗ, ಹರಿದ ಬಟ್ಟೆಯವನಿಗೆ ಕಾಲ ಹತ್ತಿರ ಜಾಗ. ಅದನ್ನೂ ಬೈದು ಬರೆದಿದೆ. ಇದೆಲ್ಲ ಸತ್ಯವೇದದಲ್ಲೇ ಇದೆ, ಯಾರೂ ಹರಿದು ಹಾಕಿಲ್ಲ. ಅಜ್ಜಿಗೂ ಇದು ಗೊತ್ತಿತ್ತು. ಆದರೂ ಆ ಒಂದು ಬಟ್ಟಲನ್ನು ಅವಳು ಸಾಯುವವರೆಗೂ ಬಿಟ್ಟುಕೊಡಲಿಲ್ಲ.

ಈಗ ನನ್ನ ಬೆಂಚಿಗೆ ಬರುತ್ತೇನೆ.

ಲಾಕ್‌ಡೌನ್‌ಗೂ ಮುಂಚಿನಿಂದ ಕೊನೇ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬರು ಅಜ್ಜಿ ಕೂರುತ್ತಿದ್ದರು. ಬಿಳಿ ಸೀರೆ, ಹಸಿರು ಅಂಚು. ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿದ್ದರು. ಕೀರ್ತನೆಯ ನಂಬರ್ ಹೇಳಿದ ಕೂಡಲೇ ನನ್ನ ಕಡೆ ಪುಸ್ತಕ ಸರಿಸುವರು, ನಾನು ಪುಟ ತೆಗೆದುಕೊಡಬೇಕು. ಓದಲು ಬರುತ್ತಿತ್ತೋ ಇಲ್ಲವೋ, ಹಾಡು ಮಾತ್ರ ಪೂರಾ ಬಾಯಿಪಾಠ. ಮಾತಿನಲ್ಲಿ ಅರ್ಧ ತೆಲುಗು. ಸಮಾಧಾನದ ವಂದನೆ ಹೇಳುವಾಗ ನನ್ನ ಎರಡೂ ಕೈ ಹಿಡಿದು ಒತ್ತುತ್ತಿದ್ದರು, ಅಂಗೈ ಒರಟು ಒರಟು. "ಚೆನ್ನಾಗಿದ್ದೀಯೇನಮ್ಮಾ?" ಅನ್ನುತ್ತಿದ್ದರು. ನಾನು ಹ್ಞೂಂ ಅನ್ನುತ್ತಿದ್ದೆ. ಅಷ್ಟೇ ನಮ್ಮ ಮಾತು. ಲಾಕ್‌ಡೌನ್ ಬಿಟ್ಟು ಲೆಕ್ಕ ಹಾಕಿದರೂ ನಾಲ್ಕು ವರ್ಷ.

2023ರ ಬೇಸಿಗೆಯಲ್ಲಿ ಅವರು ಬರಲಿಲ್ಲ. ಬಿಸಿಲಿಗೆ ಬಂದಿರಲಿಕ್ಕಿಲ್ಲ ಅಂದುಕೊಂಡೆ. ಬಳ್ಳಾರಿಯ ಏಪ್ರಿಲ್ ಬಿಸಿಲು, ವಯಸ್ಸಾದವರು ಹೇಗೆ ಬಂದಾರು? ಶಾಲೆಗೆ ರಜೆ ಬಂತು, ಊರಿಗೆ ಹೋದೆ, ಬಂದೆ. ಜೂನಿನಲ್ಲಿ ಒಂದು ಭಾನುವಾರ ಕೀರ್ತನೆಯ ನಂಬರ್ ಹೇಳಿದಾಗ ಅಭ್ಯಾಸಬಲದಿಂದ ಎಡಗಡೆ ಕೈ ಚಾಚಿದೆ. ಪುಸ್ತಕ ಇರಲಿಲ್ಲ. ಅವತ್ತು ಮೊದಲ ಸಲ ಆಶೀರ್ವಾದ ಮುಗಿಯುವವರೆಗೆ ನಿಂತೆ. ಮುಂದಿನ ಬೆಂಚಿನವರನ್ನು ಕೇಳಿದೆ. ಹೆಸರು ಗೊತ್ತಿಲ್ಲದೆ ಕೇಳಿದೆ: "ಇಲ್ಲಿ ಕೂರ್ತಿದ್ರಲ್ಲ, ಹಸಿರಂಚಿನ ಸೀರೆ, ಅಜ್ಜಿ..."

"ಅಯ್ಯೋ, ಅವರು ತೀರಿಕೊಂಡು ಎರಡು ತಿಂಗಳಾಯ್ತಲ್ರೀ. ಆರಾಧನೆಯಲ್ಲಿ ಹೇಳಿದರಲ್ಲ."

ಹೇಳಿದ್ದರು. ಪ್ರಕಟಣೆಯಲ್ಲಿ ಒಂದು ಹೆಸರು ಹೇಳಿದ್ದರು. ಆ ಹೆಸರು ಯಾರದ್ದು ಅಂತ ನನಗೆ ಗೊತ್ತಿರಲಿಲ್ಲ. ಇನ್ನೂರು ಜನ ಮಣ್ಣಿಗೆ ಹೋಗಿದ್ದಾರೆ, ಹಾಡಿದ್ದಾರೆ, ಆ ಮನೆಗೆ ಅಡಿಗೆ ಮಾಡಿ ಕಳಿಸಿದ್ದಾರೆ. ಬಾಗಿಲಲ್ಲಿ ಜಗಳ ಆಡಿದ ಆ ಇಬ್ಬರು ಹಿರಿಯರೂ ಪೆಟ್ಟಿಗೆಗೆ ಹೆಗಲು ಕೊಟ್ಟಿದ್ದರಂತೆ, ಆ ಕಡೆ ಒಬ್ಬರು, ಈ ಕಡೆ ಒಬ್ಬರು. ನಾಲ್ಕು ವರ್ಷ ಅವರ ಕೈ ಹಿಡಿದ ನಾನು ಮನೆಯಲ್ಲಿ ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿದ್ದೆ.

ಮನೆ ಹುಡುಕಿಕೊಂಡು ಹೋದೆ. ಕೌಲ್ ಬಜಾರಿನ ಒಳಗಿನ ಓಣಿ. ಮಗಳು ಜೀನ್ಸ್ ಹೊಲಿಯುವವರು. ಮನೆಯ ಮುಂದಿನ ಕೋಣೆಯಲ್ಲೇ ಮಿಷನ್, ಕಟ್ಟು ಕಟ್ಟಿದ ಪ್ಯಾಂಟುಗಳು, ನೆಲದ ತುಂಬ ನೀಲಿ ದಾರ. ಅಜ್ಜಿಯ ಕೆಲಸ ಆ ದಾರ ಕತ್ತರಿಸುವುದಾಗಿತ್ತಂತೆ. ಅಂಗೈ ಯಾಕೆ ಒರಟಾಗಿತ್ತು ಅಂತ ಅವತ್ತು ಗೊತ್ತಾಯಿತು. ನಾನು ಯಾರು ಅಂತ ಹೇಳಲು ಹೋದೆ. ಮಗಳು ನಡುವೆಯೇ ತಡೆದರು. "ನೀವು ಟೀಚರಮ್ಮ ಅಲ್ವಾ? ಅಮ್ಮ ಹೇಳ್ತಿದ್ರು. ಪಾಪ, ಒಂಟಿಯಾಗಿ ಬರ್ತಾಳೆ, ಪಕ್ಕದಲ್ಲಿ ಯಾರಾದ್ರೂ ಇರ್ಲಿ ಅಂತ ಹಿಂದೆ ಕೂರ್ತೀನಿ ಅಂತಿದ್ರು. ಅವರ ಜಾಗ ಮುಂದೆ ಇತ್ತು, ಫ್ಯಾನಿನ ಕೆಳಗೆ."

ಆ ಭಾನುವಾರ ಪತ್ರ ಕೊಟ್ಟೆ.

ಪಾಸ್ಟರ್ ಅದನ್ನು ಬಿಡಿಸಿ ಓದಿದರು, ತಾರೀಖು ನೋಡಿದರು, ಮತ್ತೆ ನನ್ನನ್ನು ನೋಡಿದರು. ಏನೂ ಕೇಳಲಿಲ್ಲ. ಇದು ಬೇರೆ ಪಂಗಡದ ಸಭೆಯ ಪತ್ರ, ನಡೆಯುತ್ತದೋ ಇಲ್ಲವೋ ಅಂತ ನಾನೇ ಕೇಳಿದೆ. ಅವರು ನಕ್ಕರು. ರಾಯಚೂರು ನಿಜಾಮನ ಕಡೆ ಇತ್ತು, ಅಲ್ಲಿಗೆ ಅಮೆರಿಕದ ಮೆಥೋಡಿಸ್ಟರು ಬಂದರು. ಬಳ್ಳಾರಿ ಮದ್ರಾಸಿನ ಕಡೆ ಇತ್ತು, ಇಲ್ಲಿಗೆ ಲಂಡನ್ನಿನವರು ಬಂದರು. 1908ರಲ್ಲಿ ಕೆಲವು ಸಭೆಗಳು ಒಂದಾದವು, 1947ರ ಸೆಪ್ಟೆಂಬರ್ 27ರಂದು ಇನ್ನೂ ಕೆಲವು ಕೂಡಿ ದಕ್ಷಿಣ ಭಾರತ ಸಭೆ ಆಯಿತು. ನಿಮ್ಮವರು ಕೂಡಲಿಲ್ಲ, ನಾವು ಕೂಡಿದೆವು. ನಡುವೆ ಇರುವುದು ತುಂಗಭದ್ರೆ ಒಂದೇ, ಬಸ್ಸು ದಿನಾ ದಾಟುತ್ತದೆ ಅಂದರು. ಆಮೇಲೆ ಸತ್ಯವೇದ ತೆಗೆದು ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯ ತೋರಿಸಿದರು. ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆ. ನಮ್ಮ ಸಹೋದರಿಯನ್ನು ಸೇರಿಸಿಕೊಳ್ಳಿ, ಅವಳಿಗೆ ಬೇಕಾದ ಸಹಾಯ ಮಾಡಿ ಅಂತ ಪೌಲ ರೋಮಿನವರಿಗೆ ಬರೆಯುತ್ತಾನೆ. ನನ್ನ ಪತ್ರಕ್ಕೂ ಅದಕ್ಕೂ ಪದಗಳು ಹತ್ತಿರ ಹತ್ತಿರ ಒಂದೇ. ನಮ್ಮೂರಿನ ಪಾಸ್ಟರ್ ಅಯ್ಯ ಗೆರೆ ಹಾಳೆಯಲ್ಲಿ ಬರೆದದ್ದು ಎಷ್ಟು ಹಳೇ ಸಾಲು ಅಂತ ನನಗೆ ಗೊತ್ತೇ ಇರಲಿಲ್ಲ. ಒಂದು ವ್ಯತ್ಯಾಸ ಮಾತ್ರ. ಫೊಯಿಬೆ ಪತ್ರವನ್ನು ಬೀರುವಿನಲ್ಲಿ ಇಟ್ಟಿದ್ದರೆ ಆ ಸಾಲು ನಮಗೆ ಸಿಗುತ್ತಿರಲಿಲ್ಲ.

ಈಗ ನನಗೆ ಒಂದು ಕೆಲಸ ಕೊಟ್ಟಿದ್ದಾರೆ. ಸತತ ಎರಡು ಭಾನುವಾರ ಬಾರದವರ ಮನೆಗೆ ಹೋಗಿ ಬರುವುದು. ಕೈಯಲ್ಲಿ ಒಂದು ನೋಟ್‌ಬುಕ್. ಕೆಲವರು ಬಾಗಿಲು ಪೂರ್ತಿ ತೆಗೆಯುವುದಿಲ್ಲ. ಕೆಲವರು ಕಮಿಟಿಯನ್ನು ಅರ್ಧ ಗಂಟೆ ಬೈಯುತ್ತಾರೆ, ಕೇಳುತ್ತೇನೆ. ಬೈದದ್ದರಲ್ಲಿ ಜಾಸ್ತಿ ನಿಜವೇ ಇರುತ್ತದೆ.

ಪತ್ರ ಕೊಟ್ಟ ಮೇಲೆ ಇಲ್ಲಿಂದ ನಮ್ಮೂರಿನ ಸಭೆಗೆ ಒಂದು ಉತ್ತರ ಹೋಯಿತು: ನಿಮ್ಮ ಸದಸ್ಯರನ್ನು ಸೇರಿಸಿಕೊಂಡಿದ್ದೇವೆ. ಅಲ್ಲಿಯವರೆಗೆ ಊರಿನ ರಿಜಿಸ್ಟರಿನಲ್ಲಿ ನನ್ನ ಹೆಸರು ಹಾಗೇ ಇತ್ತು. ಅದು ನನಗೆ ಗೊತ್ತಾದದ್ದು ಅವ್ವ ಫೋನ್ ಮಾಡಿದಾಗ.

"ನಿನ್ನ ಹೆಸರು ಇಲ್ಲಿಂದ ತೆಗೆದ್ರಂತವಾ. ಪಾಸ್ಟರ್ ಅಯ್ಯ ಹೇಳಿದ್ರು."

"ಹೌದವ್ವ, ಇಲ್ಲಿ ಸೇರಿಕೊಂಡೆ."

ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ವರ್ಷಾ ಸುಗ್ಗಿ ಹಬ್ಬಕ್ಕ ನಿನ್ನ ಪಾಲಿಂದು ಒಂದು ಸೇರು ಜ್ವಾಳ ನಾನ ಕೊಡ್ತಿದ್ದೆ. ಹೆಸರು ಐತಲ್ಲ ಅಂತ. ಈ ಸಲ ಕೊಡ್ಲೋ, ಬ್ಯಾಡೋ?"

ಹದಿನಾಲ್ಕು ಸೇರು ಜೋಳ. ಅದರಲ್ಲಿ ಮಳೆ ಇಲ್ಲದ ವರ್ಷಗಳೂ ಇದ್ದವು, ಕಾಲುವೆಗೆ ನೀರು ಬಾರದ ವರ್ಷಗಳೂ ಇದ್ದವು. ನನಗೆ ಒಂದು ಮಾತೂ ಹೇಳಿರಲಿಲ್ಲ.

"ಕೊಡವ್ವ," ಅಂದೆ. "ನಾನೂ ಬರ್ತೀನಿ, ಇಬ್ರೂ ಸೇರಿ ಅಳೆಯೋಣ."